ಮುಂದಿನ ಚಕ್ರ ಯಾಕೆ ಜಾರುತ್ತಿತ್ತು?

ಸೈಕಲ್‌ನ ಮುಂದಿನ ಚಕ್ರ ಕೊನೆಗೂ ತಿರುವಿನಲ್ಲಿ ನೆಲ ಹಿಡಿಯಿತು. ಕಾರಣವೂ ಸಿಕ್ಕಿತು. ಅದನ್ನು ತೋರಿಸಿಕೊಟ್ಟದ್ದು ಒಂದು ದಾರ, ಅದರ ತುದಿಗೆ ಕಟ್ಟಿದ ಒಂದು ನಟ್ಟು. ಅದಕ್ಕೂ ಮುಂಚೆ ಶಾಕ್ ಪಂಪ್, ಪ್ರೆಶರ್ ಗೇಜ್, ಅಲೆನ್ ಕೀ ಎಲ್ಲ ತಮ್ಮ ಕೈಲಾದದ್ದು ಮಾಡಿ ಸೋತಿದ್ದವು.

ಗೆಳೆಯನ ಹೊಸ ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್, ಅಂದರೆ ಎರಡೂ ಚಕ್ರಗಳಿಗೆ ಶಾಕ್ ಅಬ್ಸಾರ್ಬರ್ ಇರುವ ಗುಡ್ಡದ ಸೈಕಲ್, ಈಗ ನನ್ನ ಹತ್ತಿರ ಇದೆ. ಅದಲುಬದಲು ಒಪ್ಪಂದ. ಅವನ ಕೈಗೆ ನನ್ನ 1991ರ ಸ್ಟೀಲ್ ಸೈಕಲ್ ಹೋಗಿದೆ: ಟಾಂಗೆ ಪ್ರೆಸ್ಟೀಜ್ ಸ್ಟೀಲ್ ಟ್ಯೂಬಿನ ಫ್ರೇಮ್, ಕುಸಿಯದ ರಿಜಿಡ್ ಫೋರ್ಕ್, ಡಿಯೋರ್ ಎಕ್ಸ್‌ಟಿ ಥಂಬ್ ಶಿಫ್ಟರ್, 135 ಮಿ.ಮೀ. ಉದ್ದದ ಸ್ಟೆಮ್ (ಹ್ಯಾಂಡಲನ್ನು ಮುಂದಕ್ಕೆ ಚಾಚಿ ಹಿಡಿಯುವ ತುಂಡು), 570 ಮಿ.ಮೀ. ಹ್ಯಾಂಡಲ್. ನನಗೆ ಬಂದದ್ದು 29 ಇಂಚಿನ ಚಕ್ರ, 140 ಮಿ.ಮೀ. ಕುಸಿಯುವ ಫೋರ್ಕ್, 40 ಮಿ.ಮೀ. ಸ್ಟೆಮ್, 780 ಮಿ.ಮೀ. ಹ್ಯಾಂಡಲ್. ಬಾಗಿಲಲ್ಲಿ ಅಡ್ಡ ತಿರುಗಿಸದೆ ಒಳಗೆ ಬರುವುದಿಲ್ಲ.

ಎರಡಕ್ಕೂ ಒಪ್ಪಿದ ಭಾಗ ಒಂದೇ, ಪೆಡಲ್. 9/16 ಇಂಚಿನ ಥ್ರೆಡ್ ಆಗಲೂ ಅದೇ, ಈಗಲೂ ಅದೇ. ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಹಾಕಿದೆ, ಸಲೀಸಾಗಿ ಕೂತಿತು. ಹಿಂದಿನ ಚಕ್ರದ ಹಬ್‌ನ ಅಗಲ 135 ಮಿ.ಮೀ. ಇದ್ದದ್ದು 142 ಆಯಿತು, ಆಮೇಲೆ 148 ಆಯಿತು. ಹ್ಯಾಂಡಲ್ ಕ್ಲಾಂಪ್ 25.4ರಿಂದ 31.8ಕ್ಕೆ, ಅಲ್ಲಿಂದ 35ಕ್ಕೆ ಹೋಯಿತು. ಇಷ್ಟೆಲ್ಲ ಬದಲಾಯಿಸಿದವರು ಪೆಡಲ್ ಥ್ರೆಡ್ ಒಂದನ್ನು ಮರೆತುಬಿಟ್ಟಿದ್ದಾರೆ. ಜೋರಾಗಿ ಹೇಳಬೇಡಿ, ಕೇಳಿಸಿಕೊಂಡಾರು.

ಗೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಂದೆ ಒಂದೇ ಚೈನ್‌ರಿಂಗ್, ಹಿಂದೆ 10ರಿಂದ 52 ಹಲ್ಲು. ಎಡಗೈ ಹೆಬ್ಬೆರಳಿಗೆ ಗೇರ್ ಬದಲಾಯಿಸುವ ಕೆಲಸವೇ ಇಲ್ಲ. ಬ್ರೇಕ್ ಬಗ್ಗೆ ಮಾತ್ರ ಒಂದು ಮಾತು. ನಮ್ಮ ಹಳೆಯ, ರಿಮ್ ಹಿಡಿಯುವ ಕ್ಯಾಂಟಿಲಿವರ್ ಬ್ರೇಕಿನ ಲಿವರ್ ಒತ್ತುವುದೆಂದರೆ ಕಚೇರಿಗೆ ಅರ್ಜಿ ಕೊಟ್ಟ ಹಾಗೆ. ಸ್ವೀಕರಿಸುತ್ತಾರೆ, ಪರಿಶೀಲಿಸುತ್ತಾರೆ, ಮಳೆ ಬಂದರೆ ಆ ದಿನ ರಜೆ. ಈ ಹೈಡ್ರಾಲಿಕ್ ಡಿಸ್ಕ್ ಹಾಗಲ್ಲ. ನಾಲ್ಕು ಬೆರಳಿನ ಅಭ್ಯಾಸದಲ್ಲಿ ಲಿವರ್ ಹಿಡಿದೆ. ಸೈಕಲ್ ಅಲ್ಲೇ ನಿಂತಿತು, ನಾನು ಮುಂದೆ ಹೋದೆ. ಈಗ ಒಂದೇ ಬೆರಳು. ಉಳಿದ ಮೂರಕ್ಕೆ ಏನು ಕೆಲಸ ಕೊಡುವುದೋ ಇನ್ನೂ ಗೊತ್ತಾಗಿಲ್ಲ.

ಈಗ ವಿಷಯಕ್ಕೆ ಬರೋಣ. ನೇರ ಇಳಿಜಾರಿನಲ್ಲಿ ಈ ಸೈಕಲ್ ಅದ್ಭುತ. ಬೇರು, ಕಲ್ಲು, ಗುಂಡಿ, ಯಾವುದನ್ನೂ ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಸಮತಟ್ಟಾದ, ಸಡಿಲ ಮಣ್ಣಿನ ತಿರುವು ಬಂದರೆ ಸಾಕು, ಮುಂದಿನ ಚಕ್ರ ಹೊರಗೆ ಜಾರುತ್ತಿತ್ತು. ಪ್ರತಿ ಸಲ. ಹಳೆಯ ಸೈಕಲ್‌ನಲ್ಲಿ, 1.95 ಇಂಚಿನ ಟೈರ್‌ನಲ್ಲಿ, ಇದೇ ತಿರುವನ್ನು ಯೋಚನೆಯೇ ಇಲ್ಲದೆ ದಾಟುತ್ತೇನೆ. ಇಲ್ಲಿ 2.4 ಇಂಚಿನ ಟೈರ್, ಟ್ಯೂಬ್‌ಲೆಸ್, ಅಂಚಿನಲ್ಲಿ ಮಣ್ಣು ಕಚ್ಚುವ ರಬ್ಬರ್ ಹಲ್ಲುಗಳು, ಅಂದರೆ ಎದ್ದು ಕಾಣುವ ಸೈಡ್ ನಾಬ್‌ಗಳು. ಜಾರಬೇಕಾದ್ದು ಯಾವುದು, ಜಾರುತ್ತಿರುವುದು ಯಾವುದು?

ಮೊದಲ ಅನುಮಾನ ಗಾಳಿಯ ಮೇಲೆ. 28 ಪಿಎಸ್‌ಐ ಇತ್ತು, 22ಕ್ಕೆ ಇಳಿಸಿದೆ. ಬೇರುಗಳ ಮೇಲೆ ಹಿಡಿತ ಚೆನ್ನಾಯಿತು. ತಿರುವಿನಲ್ಲಿ ಅದೇ ಕಥೆ. ನಂತರ ಫೋರ್ಕ್. ಅದು ಗೆಳೆಯನ ತೂಕಕ್ಕೆ ಹೊಂದಿಸಿದ್ದು, ಅವನು ನನಗಿಂತ ದಪ್ಪ. ಗಾಳಿ ಬಿಟ್ಟು, ಓ-ರಿಂಗ್ ನೋಡಿಕೊಂಡು ಸ್ಯಾಗ್ (ಸವಾರನ ಭಾರಕ್ಕೇ ಫೋರ್ಕ್ ಕುಸಿಯುವ ಪ್ರಮಾಣ) 20 ಪರ್ಸೆಂಟ್‌ಗೆ ತಂದೆ. ಸವಾರಿ ಮೆತ್ತಗಾಯಿತು, ಜಾರುವುದು ನಿಲ್ಲಲಿಲ್ಲ. ಕುಸಿದ ಫೋರ್ಕ್ ಮೇಲೇಳುವ ವೇಗ ಹೊಂದಿಸುವ ರಿಬೌಂಡ್ ಒಂದೊಂದೇ ಕ್ಲಿಕ್ ತಿರುಗಿಸಿದೆ. ಕೆಂಪು ಗುಂಡಿ ತಿರುಗಿಸುವುದು ಬಹಳ ಖುಷಿ ಕೊಡುತ್ತದೆ, ಅದರಾಚೆಗೆ ಏನೂ ಆಗಲಿಲ್ಲ. ಕೊನೆಗೆ ಮುಂದಿನ ಟೈರನ್ನೇ ಬದಲಾಯಿಸಿದೆ. ಅಂಗಡಿಯವನು ಸಾಫ್ಟ್ ಕಾಂಪೌಂಡ್ (ಮೆತ್ತನೆ ರಬ್ಬರ್) ಎಂದು ಕಳಿಸಿದ್ದು ಗಟ್ಟಿ ಕಾಂಪೌಂಡ್. ಕೇಳಿದರೆ, ಓಡಿಸುತ್ತಾ ಮೆತ್ತಗಾಗುತ್ತೆ ಸಾರ್ ಅಂದ.

ಹೀಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ಗೆಳೆಯ ಹಿಂದೆ ನಿಂತು ನಾನು ತಿರುಗುವುದನ್ನು ನೋಡಿದ. "ಗುರೂ, ಅಷ್ಟು ಹಿಂದಕ್ಕೆ ಹೋಗಿ ಏನ್ ಮಾಡ್ತಿದ್ದೀಯ? ಹಿಂದಿನ ಟೈರ್ ಜೊತೆ ಮಾತಾಡ್ತಿದ್ದೀಯಾ?" ಅಂದ. ನನಗೆ ಸಿಟ್ಟು ಬಂತು. ಇಳಿಜಾರು ಅಂದರೆ ಸೊಂಟ ಹಿಂದಕ್ಕೆ, ಅಲ್ವಾ? ರಿಜಿಡ್ ಫೋರ್ಕ್ ಕಾಲದಿಂದ ನಾವೆಲ್ಲ ಕಲಿತದ್ದು ಅದೇ. ಅದು ನನ್ನನ್ನು ಎಷ್ಟೋ ಸಲ ಹ್ಯಾಂಡಲ್ ಮೇಲಿಂದ ಹಾರದ ಹಾಗೆ ಉಳಿಸಿದೆ.

ವಾದ ಮುಗಿಸೋಣ ಅಂತ ಎರಡೂ ಸೈಕಲ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿದೆ. ದಾರಕ್ಕೆ ನಟ್ಟು ಕಟ್ಟಿ ಬಾಟಮ್ ಬ್ರಾಕೆಟ್ (ಪೆಡಲ್ ಕ್ರ್ಯಾಂಕ್ ತಿರುಗುವ ಜಾಗ) ನಡುವಿನಿಂದ ಇಳಿಬಿಟ್ಟೆ, ನೆಲದ ಮೇಲೆ ಗುರುತು ಮಾಡಿದೆ. ಹ್ಯಾಂಡಲ್ ನಡುವಿನಿಂದ ಒಂದು ಗುರುತು, ಮುಂದಿನ ಆಕ್ಸಲ್‌ನಿಂದ ಒಂದು ಗುರುತು. ಟೇಪ್ ಹಿಡಿದೆ. ಹಳೆಯದರಲ್ಲಿ ಬಾಟಮ್ ಬ್ರಾಕೆಟ್‌ನಿಂದ ಹ್ಯಾಂಡಲ್ 53 ಸೆಂ.ಮೀ. ಮುಂದೆ, ಆಕ್ಸಲ್ 63 ಸೆಂ.ಮೀ. ಮುಂದೆ. ಹೊಸದರಲ್ಲಿ ಹ್ಯಾಂಡಲ್ 50, ಆಕ್ಸಲ್ 79.

ಇದನ್ನು ಇನ್ನೊಂದು ಸಲ ಓದಿ. ನನ್ನ ಕೈ ಇರುವ ಜಾಗ ಹೆಚ್ಚುಕಮ್ಮಿ ಅದೇ. ಚಕ್ರ ಮಾತ್ರ 16 ಸೆಂ.ಮೀ. ಮುಂದೆ ಹೋಗಿಬಿಟ್ಟಿದೆ! ಹಳೆಯದರಲ್ಲಿ ಹ್ಯಾಂಡಲ್ ಆಕ್ಸಲ್‌ಗಿಂತ 10 ಸೆಂ.ಮೀ. ಹಿಂದಿದ್ದರೆ, ಹೊಸದರಲ್ಲಿ 29 ಸೆಂ.ಮೀ. ಹಿಂದಿದೆ.

ಹೆಡ್ ಆಂಗಲ್, ಅಂದರೆ ಫೋರ್ಕ್ ನೆಲಕ್ಕೆ ವಾಲಿರುವ ಕೋನ, 71 ಡಿಗ್ರಿಯಿಂದ 65ಕ್ಕೆ ಬಂದಿದೆ, ಫ್ರೇಮ್ ಉದ್ದವಾಗಿದೆ. ಹಿಂದಿನ ಭಾಗ ಮಾತ್ರ ಬೆಳೆದಿಲ್ಲ. ಚೈನ್‌ಸ್ಟೇ (ಬಾಟಮ್ ಬ್ರಾಕೆಟ್‌ನಿಂದ ಹಿಂದಿನ ಆಕ್ಸಲ್‌ವರೆಗಿನ ಕೊಳವೆ) ಎರಡರಲ್ಲೂ ಸುಮಾರು 43 ಸೆಂ.ಮೀ. ಈಗ ಲೆಕ್ಕ ಹಾಕಿ. ನಿಂತುಕೊಂಡು ಪೂರ್ತಿ ಭಾರವನ್ನು ಪೆಡಲ್ ಮೇಲೆ ಬಿಟ್ಟರೆ, ಮುಂದಿನ ಚಕ್ರಕ್ಕೆ ಹೋಗುವ ಪಾಲು ಅಂದರೆ ಹಿಂದಿನ ಆಕ್ಸಲ್‌ನಿಂದ ಬಾಟಮ್ ಬ್ರಾಕೆಟ್‌ವರೆಗಿನ ಅಂತರವನ್ನು ವೀಲ್‌ಬೇಸ್‌ನಿಂದ (ಎರಡೂ ಆಕ್ಸಲ್ ನಡುವಿನ ಅಂತರ) ಭಾಗಿಸಿದಷ್ಟು. ಹಳೆಯದರಲ್ಲಿ ವೀಲ್‌ಬೇಸ್ 106 ಸೆಂ.ಮೀ., ಪಾಲು ಸುಮಾರು 40 ಪರ್ಸೆಂಟ್. ಹೊಸದರಲ್ಲಿ 122 ಸೆಂ.ಮೀ., ಪಾಲು ಸುಮಾರು 35. ಅದರ ಮೇಲೆ ನಾನು ಸೊಂಟವನ್ನು ಹಿಂದಕ್ಕೆ ಎಳೆದರೆ ಮುಂದಿನ ಟೈರ್‌ಗೆ ಉಳಿಯುವುದೇನು? ಟೈರ್ ಎಷ್ಟೇ ಅಗಲ ಇರಲಿ, ನೆಲಕ್ಕೆ ಒತ್ತುವವರೇ ಇಲ್ಲದಿದ್ದರೆ ಯಾವ ನಾಬ್ ತಾನೇ ಹಿಡಿಯುತ್ತದೆ?

ಟ್ರೇಲ್ ಲೆಕ್ಕವನ್ನೂ ಹಾಕಿದೆ: ಹ್ಯಾಂಡಲ್ ತಿರುಗುವ ಅಕ್ಷರೇಖೆ ನೆಲ ಮುಟ್ಟುವ ಜಾಗಕ್ಕಿಂತ ಟೈರ್ ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಅನ್ನುವುದು. ಹಳೆಯದು ಸುಮಾರು 71 ಮಿ.ಮೀ., ಹೊಸದು ಸುಮಾರು 125. ಇಳಿಜಾರಿನಲ್ಲಿ ಅದು ಹಳಿ ಬಿಡದೆ ಹೋಗುವುದಕ್ಕೂ, ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ಅತ್ತಿತ್ತ ವಾಲುವುದಕ್ಕೂ ಇದರಲ್ಲೇ ಉತ್ತರ ಇದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯಿತು. ಹಿಂದಕ್ಕೆ ಹೋಗುವ ಅಭ್ಯಾಸ ನಮಗೆ ಬಂದದ್ದಾದರೂ ಯಾಕೆ? ಸೀಟಿನಿಂದ! ಹಳೆಯ ಸೈಕಲ್‌ನಲ್ಲಿ ಸೀಟ್ ಮೇಲೇ ಇರುತ್ತದೆ. ಮೈಯನ್ನು ತಗ್ಗಿಸಬೇಕು ಅಂದರೆ ಸೀಟಿನ ಹಿಂದಕ್ಕೆ ಹೋಗಿಯೇ ತಗ್ಗಿಸಬೇಕು. ನಮಗೆ 'ಕೆಳಗೆ' ಬೇಕಾಗಿತ್ತು, ಅದರ ಜೊತೆ 'ಹಿಂದೆ' ಅಂಟಿಕೊಂಡು ಬಂತು. ಓಡಿಸುತ್ತಲೇ ಸೀಟ್ ಇಳಿಸಿ ಏರಿಸುವ ಡ್ರಾಪರ್ ಪೋಸ್ಟ್ ಇದ್ದರೆ ಎರಡೂ ಬೇರೆ ಬೇರೆ. ಸೀಟ್ ಇಳಿಸು, ಇದ್ದಲ್ಲೇ ತಗ್ಗು. ಮೊಣಕೈ ಹೊರಗೆ, ಎದೆ ಹ್ಯಾಂಡಲ್ ಕಡೆಗೆ, ಗಲ್ಲ ಸ್ಟೆಮ್ ನೇರಕ್ಕೆ. ಮೈಯೆಲ್ಲ ಬೇಡ ಬೇಡ ಎನ್ನುತ್ತದೆ. ಆದರೂ ಅದೇ ತಿರುವಿಗೆ ಹಾಗೇ ನುಗ್ಗಿದೆ. ಚಕ್ರ ಕಚ್ಚಿಕೊಂಡಿತು. ಗೆಳೆಯ ಏನೂ ಹೇಳಲಿಲ್ಲ, ಸುಮ್ನೆ ನಕ್ಕ. ಅದು ಇನ್ನೂ ಕೆಟ್ಟದ್ದು.

ಡ್ರಾಪರ್ ಅಂದ ತಕ್ಷಣ ಹೊಸ ಕಾಲದವರು ಬೀಗಬೇಕಾಗಿಲ್ಲ. 1980ರ ದಶಕದಲ್ಲೇ ಅಮೆರಿಕದ ಮೌಂಟನ್ ಬೈಕ್ ಪ್ರವರ್ತಕ ಜೋ ಬ್ರೀಜ್ ಮತ್ತು ಜೋಶ್ ಏಂಜೆಲ್ ಹೈಟ್ ರೈಟ್ ಎಂಬ ಸಾಧನ ಮಾಡಿದ್ದರು. ಸೀಟ್‌ಪೋಸ್ಟ್‌ಗೂ ಫ್ರೇಮ್‌ಗೂ ನಡುವೆ ಒಂದು ಸ್ಪ್ರಿಂಗ್, ಅಷ್ಟೇ. ಕ್ವಿಕ್ ರಿಲೀಸ್ ಸಡಿಲಿಸಿ ಮೈಭಾರ ಬಿಟ್ಟರೆ ಸೀಟ್ ಕೆಳಗೆ, ಮತ್ತೆ ಸಡಿಲಿಸಿದರೆ ಸ್ಪ್ರಿಂಗ್ ತಾನೇ ಮೇಲಕ್ಕೆ ಎತ್ತುತ್ತದೆ. ನನ್ನ ಹಳೆಯದಕ್ಕೆ ಒಂದು ಹುಡುಕಲು ಶುರು ಮಾಡಿದ್ದೇನೆ. ಇದು ಮುಂದಿನ ಯೋಜನೆ. ಅಲ್ಲ, ಅದರ ಮುಂದಿನದು.

ಮೊದಲು ಸ್ಟೆಮ್. ಹೊಸ ರೀತಿಯಲ್ಲಿ ಹಳೆಯದನ್ನು ಓಡಿಸಿ ನೋಡಿದೆ. ಸಮತಟ್ಟು ತಿರುವಿನಲ್ಲಿ ಚೆನ್ನಾಗಿಯೇ ಇದೆ. ಕಡಿದಾದ ಇಳಿಜಾರಿನಲ್ಲಿ ಎದೆ ಮುಂದೆ ಹಾಕಿದರೆ ಪ್ರಾಣಕ್ಕೆ ಬರುತ್ತದೆ, 135 ಮಿ.ಮೀ. ಸ್ಟೆಮ್ ಬಿಡುವುದಿಲ್ಲ. 80ರ ಸ್ಟೆಮ್, 680ರ ಹ್ಯಾಂಡಲ್ ಹಾಕಿ ನೋಡಬೇಕು. ಟಾಪ್ ಟ್ಯೂಬ್ ಗಿಡ್ಡ ಇರುವುದರಿಂದ ಮೊಣಕಾಲು ಹ್ಯಾಂಡಲ್‌ಗೆ ತಗಲಬಹುದು. ತಗಲಿದರೆ 100. ಅದಕ್ಕಿಂತ ಗಿಡ್ಡ ಸ್ಟೆಮ್ ಬೇಕಾದರೆ ಫ್ರೇಮೇ ಉದ್ದ ಇರಬೇಕು. ಅಮೆರಿಕದ ಸೈಕಲ್ ತಯಾರಕ ಗ್ಯಾರಿ ಫಿಶರ್ 1990ರ ದಶಕದ ಕೊನೆಯಲ್ಲಿ ಜೆನೆಸಿಸ್ ಜ್ಯಾಮಿತಿ ಅಂತ ಟಾಪ್ ಟ್ಯೂಬ್ ಉದ್ದ ಮಾಡಿ ಸ್ಟೆಮ್ ಗಿಡ್ಡ ಮಾಡಿದ್ದು ಇದೇ ದಾರಿಯಲ್ಲಿ. ಆಗ ನಾವು ಮೂಗು ಮುರಿದಿದ್ದೆವು.

ತೊಡಕು ಏನಪ್ಪಾ ಅಂದರೆ, ನನ್ನದು 1 ಇಂಚಿನ ಥ್ರೆಡೆಡ್ ಸ್ಟೀರರ್ (ಫೋರ್ಕಿನಿಂದ ಮೇಲೆ ಬರುವ ಕೊಳವೆ). ಹೊಸ ಸ್ಟೆಮ್ ಕೂರಬೇಕಾದರೆ ಅದರೊಳಗೆ ಇಳಿಯುವ 22.2 ಮಿ.ಮೀ. ಕ್ವಿಲ್ ಅಡಾಪ್ಟರ್ ಬೇಕು. ತರಿಸಿದೆ. ಪೊಟ್ಟಣದ ಚೀಟಿಯಲ್ಲಿ 22.2 ಎಂದೇ ಇದೆ. ಒಳಗಿರುವುದು 25.4, ಅಂದರೆ 1 1/8 ಇಂಚಿನ ಸ್ಟೀರರ್‌ಗೆ ಹೋಗುವಂಥದ್ದು. ವಾಪಸ್ ಕಳಿಸಿದೆ. ಬದಲಿಗೆ ಬಂದದ್ದೂ 25.4, ಚೀಟಿ ಮಾತ್ರ ಹೊಸದು. ಇದೇ ಅಂಗಡಿಯಿಂದ ಹೋದ ಸಲ 'ಹಳೆ ಸ್ಟಾಕ್, ಬಳಸಿಲ್ಲ' ಅಂತ ಬಂದ ಕ್ಯಾಂಟಿಲಿವರ್ ಪ್ಯಾಡ್‌ಗಳು ಕಲ್ಲಾಗಿದ್ದವು. ಬಳಸಿಲ್ಲ ಅನ್ನುವುದಂತೂ ನಿಜ.

ಯಾರ ಹತ್ತಿರವಾದರೂ ಸರಿಯಾದ ಅಡಾಪ್ಟರ್ ಇದ್ದರೆ ತಿಳಿಸಿ. ಕ್ಯಾಲಿಪರ್ ಹಿಡಿದು ಅಳೆದು ನೋಡಿದ ಮೇಲೆ ತಿಳಿಸಿ. ದಯವಿಟ್ಟು ಚೀಟಿ ಓದಿ ಹೇಳಬೇಡಿ.