ಹತ್ತಡಿ-ಹನ್ನೆರಡಡಿ ಖೋಲಿಯಲ್ಲಿ ಕ್ಯಾಮೆರಾ

ತಮ್ಮದೇ ಮನೆಯ ದಿನಚರಿಯನ್ನು ಫೋಟೊದಲ್ಲಿ ದಾಖಲಿಸಲು ಹೊರಟವರಿಗೆ ಮೊದಲು ಹೇಳಬೇಕಾದದ್ದು ಇಷ್ಟೇ: ಕ್ಯಾಮೆರಾ ಎತ್ತುವ ಮುಂಚೆ ಮನೆ ಅಚ್ಚುಕಟ್ಟು ಮಾಡಬೇಡಿ. ಮುಂಬಯಿಯ ಮಾಟುಂಗಾದ ಹಳೆ ಕಟ್ಟಡವಿರಲಿ, ಡೊಂಬಿವಲಿಯ ಒನ್ ಬಿಎಚ್‌ಕೆ ಇರಲಿ, ಕಿಟಕಿ ಗ್ರಿಲ್ಲಿಗೆ ನೇತುಹಾಕಿದ ಒದ್ದೆ ಬಟ್ಟೆ, ಫ್ರಿಜ್ಜಿನ ಮೇಲಿನ ಔಷಧಿ ಡಬ್ಬಿ, ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಕ್ಯಾಲೆಂಡರಿನಲ್ಲಿ ಹಾಕಿದ ಗುರುತು, ಇವೇ ಇಪ್ಪತ್ತು ವರ್ಷದ ಮೇಲೆ ಬೆಲೆ ಬಾಳುವುದು. ಛಾಯಾಗ್ರಾಹಕಿ ಸೂನಿ ತಾರಾಪೊರೆವಾಲಾ 1970ರ ದಶಕದ ಕೊನೆಯಿಂದ ಇದೇ ಮುಂಬಯಿಯಲ್ಲಿ ತಮ್ಮ ಪಾರ್ಸಿ ಬಂಧುಬಳಗದ ಫೋಟೊ ತೆಗೆಯುತ್ತ ಬಂದರು. ಮನೆಯವರೇ ತೆಗೆದದ್ದರಿಂದ ಅಲ್ಲಿ ಯಾರೂ ಅತಿಥಿಯ ಎದುರು ಕೂತಂತೆ ಕೂತಿಲ್ಲ. ಆ ಸಲಿಗೆ ನಿಮಗೆ ಹುಟ್ಟಿನಿಂದಲೇ ಇದೆ, ಸೋಫಾದ ಮೇಲಿನ ಬಟ್ಟೆ ರಾಶಿ ತೆಗೆದು ಅದನ್ನು ಕೆಡಿಸಬೇಡಿ.

ಜಾಗ ಸಾಲದು ಎನ್ನುವುದು ಎಲ್ಲರ ದೂರು. ಹತ್ತಡಿ-ಹನ್ನೆರಡಡಿ ಖೋಲಿಗೆ ಫುಲ್‌ಫ್ರೇಮಿನಲ್ಲಿ (ಬೆಳಕು ಹಿಡಿಯುವ ಸೆನ್ಸರು ಹಳೆ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಿರುವ ಕ್ಯಾಮೆರಾ) 35 ಎಂಎಂ ಲೆನ್ಸ್ ಸಾಕು. ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ ಆದರೆ 23 ಅಥವಾ 24. ಬಾಗಿಲಿಗೆ ಬೆನ್ನು ಒತ್ತಿ ನಿಂತರೆ ಎದುರಿನ ಹತ್ತಡಿ ಗೋಡೆ ಪೂರ್ತಿ ಬರುತ್ತದೆ. 50 ಎಂಎಂ ಹಾಕಿದರೆ ಮೂರು ಮೀಟರ್ ದೂರದಿಂದ ಎರಡು ಮೀಟರ್ ಚಿಲ್ಲರೆ ಅಗಲ ಮಾತ್ರ. ಅತ್ತೆ ಬಂದರೆ ಒಲೆ ಹೊರಗೆ. ಫೋನಿನ 0.5 ಲೆನ್ಸಿನಲ್ಲಿ ಇಡೀ ಮನೆ ಹಿಡಿಸುತ್ತದೆ ನಿಜ, ಆದರೆ ಅಂಚಿನಲ್ಲಿ ಕೂತವರ ತಲೆ ಎಳೆದಂತೆ ಉದ್ದವಾಗುತ್ತದೆ. ಅದು ಖಾಲಿ ಕೋಣೆಗಷ್ಟೇ ಇರಲಿ.

ಹೆಚ್ಚಿನವರು ಎಡವುವುದು ಬೆಳಕಿನಲ್ಲಿ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸೆನ್ಸರಿಗೆ ಗೊತ್ತಾಗುತ್ತದೆ. ಶಟರ್ ತೆರೆದಿರುವ ಹೊತ್ತನ್ನು 1/250 ಸೆಕೆಂಡಿಗಿಟ್ಟರೆ ಮಿನುಗಿನ ಒಂದು ತುಣುಕಷ್ಟೇ ಸಿಕ್ಕಿ ಒಂದು ಫೋಟೊ ಬೆಳ್ಳಗೆ, ಮುಂದಿನದು ಮಂಕಾಗಿ ಬರುತ್ತದೆ. ಮಗು ಮಲಗಿದೆಯೆಂದು ಸೈಲೆಂಟ್ ಶಟರ್ ಹಾಕಿದರಂತೂ ಚಿತ್ರದುದ್ದಕ್ಕೂ ಪಟ್ಟೆಪಟ್ಟೆ, ಯಾಕೆಂದರೆ ಸೆನ್ಸರು ಸಾಲು ಸಾಲಾಗಿ ಓದುವಷ್ಟರಲ್ಲಿ ದೀಪ ಹಲವು ಸಲ ಏರಿಳಿದಿರುತ್ತದೆ. 1/100 ಇಲ್ಲವೇ 1/50ರಲ್ಲಿ ಪೂರ್ತಿ ಸುತ್ತು ಸಿಗುತ್ತದೆ, ಈ ಕಾಟ ಇರುವುದಿಲ್ಲ. 20 ವ್ಯಾಟಿನ ಒಂದೇ ಎಲ್‌ಇಡಿ ಟ್ಯೂಬ್ ಇರುವ ಮನೆಯಲ್ಲಿ ಲೆನ್ಸಿನ ತೆರಪು ಎಫ್ 2.8, ಶಟರ್ 1/100, ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಒ 1600ರಿಂದ 3200ರ ನಡುವೆ ಎಂದು ಇಟ್ಟುಕೊಂಡು ಶುರುಮಾಡಿ. 1/50ಕ್ಕೆ ಇಳಿದರೆ ದೋಸೆ ಹೊಯ್ಯುವ ಕೈ ಅಲುಗಿ ಬರುತ್ತದೆ. ನನಗೆ ಅದು ತಪ್ಪೆನಿಸುವುದಿಲ್ಲ, ಮುಖ ನಿಂತಿದ್ದರೆ ಸಾಕು.

ಹಗಲಲ್ಲಿ ಟ್ಯೂಬ್ ಆರಿಸಿಬಿಡಿ. ಕಿಟಕಿಯದೊಂದು ಬಣ್ಣ, ಟ್ಯೂಬಿನದೊಂದು ಬಣ್ಣ ಸೇರಿದರೆ ಮುಖದ ಅರ್ಧ ಹಳದಿ, ಅರ್ಧ ನೀಲಿ. ಆಮೇಲೆ ಕಂಪ್ಯೂಟರಿನಲ್ಲಿ ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಮುಂಬಯಿಯ ಒತ್ತೊತ್ತು ಕಟ್ಟಡಗಳಲ್ಲಿ ಬಿಸಿಲು ನೇರವಾಗಿ ಒಳಗೆ ಬರುವುದೇ ಅಪರೂಪ. ಎದುರಿನ ಕಟ್ಟಡದ ಗೋಡೆಗೆ ಬಡಿದು ಬರುತ್ತದೆ, ಆ ಗೋಡೆಯ ಬಣ್ಣವನ್ನೂ ತರುತ್ತದೆ. ಬೆಳಕಿನ ಬಣ್ಣಕ್ಕೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ 5500 ಕೆಲ್ವಿನ್‌ಗೆ ಕಟ್ಟಿಹಾಕಿ, ಸೆನ್ಸರು ಹಿಡಿದದ್ದನ್ನು ಹಾಗೆಯೇ ಉಳಿಸುವ ‘ರಾ’ ಫೈಲಿನಲ್ಲಿ ತೆಗೆದರೆ, ವರ್ಷದ ಫೋಟೊಗಳನ್ನೆಲ್ಲ ಒಟ್ಟಿಗೆ ಹರವಿದಾಗ ಆ ಬಣ್ಣ ಋತುವಿನ ಜೊತೆ ಬದಲಾದದ್ದೂ ಕಾಣುತ್ತದೆ.

ಮನೆಯ ದಾಖಲೆಯಲ್ಲಿ ತೆಗೆಯುವವರೇ ಇರುವುದಿಲ್ಲ ಎಂಬುದು ದೊಡ್ಡ ಕೊರತೆ. ಟ್ರೈಪಾಡ್ ನಿಲ್ಲಿಸಲು ಜಾಗವಿಲ್ಲದಿದ್ದರೆ ಕಿಟಕಿ ಗ್ರಿಲ್ಲಿಗೆ ಕ್ಲ್ಯಾಂಪ್ ಹಾಕಿ. ಬೀರುವಿಗೆ ಬೇಡ, ಬಾಗಿಲು ತೆಗೆದಾಗಲೆಲ್ಲ ಫ್ರೇಮು ಕದಲುತ್ತದೆ. ನೀವು ಕೂರುವ ಜಾಗದಲ್ಲಿ ಒಂದು ದಿಂಬಿಟ್ಟು ಅದಕ್ಕೆ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬದಲಾಯಿಸಿ. ಫುಲ್‌ಫ್ರೇಮಿನ 35 ಎಂಎಂನಲ್ಲಿ ಎಫ್ 5.6 ಇಟ್ಟು ಎರಡು ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1.6ರಿಂದ 2.7 ಮೀಟರ್‌ವರೆಗೆ ಎಲ್ಲ ಸ್ಪಷ್ಟ. ತಟ್ಟೆ ಹಿಡಿದು ತುಸು ಹಿಂದೆಮುಂದೆ ಸರಿದರೂ ನಡೆಯುತ್ತದೆ. ಹತ್ತು ಸೆಕೆಂಡಿಗೊಂದರಂತೆ ತಾನೇ ತೆಗೆಯಲು ಬಿಟ್ಟು ಊಟ ಮುಗಿಸಿ. ಮೊದಲ ಹತ್ತಿಪ್ಪತ್ತರಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿರುತ್ತಾರೆ, ಬೇಕಾದದ್ದು ಸಿಗುವುದು ಅದರ ನಂತರ. ಮನೆಗೆಲಸದ ಹೆಂಗಸು ಫ್ರೇಮಿನಲ್ಲಿ ಬರುವ ಹೊತ್ತಾದರೆ ಮೊದಲೇ ಕೇಳಿ, ಬೇಡ ಎಂದರೆ ನಿಲ್ಲಿಸಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಲೆನ್ಸಿಗೆ ಬೂಷ್ಟು ಹಿಡಿಯುವ ಕಾಲ. ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದೇ. ಬಿಟ್ಟರೆ ಮೇಲಿನ ಕೋಟಿಂಗನ್ನೇ ತಿಂದುಹಾಕುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗದು. ಚರ್ಮದ ಕೇಸು, ಬಟ್ಟೆಯ ಬೀರು ಎರಡೂ ತೇವ ಹಿಡಿದಿಡುತ್ತವೆ. ರಬ್ಬರ್ ಬಿಗಿಯಿರುವ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಕಾಳು ಅರ್ಧ ಕಿಲೋ, ಒಂದು ಚಿಕ್ಕ ತೇವಮಾಪಕ ಇದ್ದರೆ ಆಯಿತು. ಅದರ ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಕಿತ್ತಳೆ ಬಣ್ಣದ ಕಾಳು ಹಸಿರಾದರೆ ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ, ಮತ್ತೆ ಬಳಸಬಹುದು. ಎಸಿ ಲೋಕಲ್ ರೈಲಿನಿಂದ ಪ್ಲಾಟ್‌ಫಾರ್ಮಿಗೆ ಇಳಿದೊಡನೆ ಕ್ಯಾಮೆರಾ ಹೊರತೆಗೆದರೆ ತಣ್ಣಗಿನ ಗಾಜಿನ ಮೇಲೆ ನೀರು ಕೂರುತ್ತದೆ. ಬ್ಯಾಗಿನ ಜಿಪ್ಪು ಹಾಕಿಯೇ ಅರ್ಧ ಗಂಟೆ ಬಿಡಿ. ಆ ಹೊತ್ತಿನಲ್ಲಿ ಲೆನ್ಸಂತೂ ಬಿಚ್ಚಲೇಬೇಡಿ.

ತೆಗೆದ ದಿನವೇ ಎರಡು ಸಾಲು ಬರೆಯಿರಿ. ಫೈಲಿನ ವಿವರಣೆಯ ಜಾಗದಲ್ಲಿ ಕನ್ನಡದಲ್ಲೇ ಬರೆಯಬಹುದು, ಅದು ಫೋಟೊದ ಜೊತೆಗೇ ಹೋಗುತ್ತದೆ. “ಅಮ್ಮ ಅಡುಗೆಮನೆಯಲ್ಲಿ” ಎಂದರೆ ಏನೂ ಹೇಳಿದಂತಾಗಲಿಲ್ಲ. “ಸೋಮವಾರ ಬೆಳಿಗ್ಗೆ 6.40, ನಲ್ಲಿ ನಿಲ್ಲುವ ಮುಂಚೆ ಡ್ರಮ್ಮು ತುಂಬಿಸುತ್ತಿರುವುದು, ಪಕ್ಕದಲ್ಲಿ ಕುಂದಾಪುರದಿಂದ ಬಂದ ದೊಡ್ಡಮ್ಮ” ಎಂದರೆ ಮೊಮ್ಮಕ್ಕಳಿಗೂ ತಿಳಿಯುತ್ತದೆ. ಹಳೆ ಫೋಟೊಗಳಿದ್ದರೆ ಹೆಸರು ಹೇಳಬಲ್ಲವರು ಇರುವಾಗಲೇ ಕೂರಿಸಿಕೊಂಡು ಕೇಳಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದೂ ನೋಡಿಕೊಳ್ಳಿ.

24 ಮೆಗಾಪಿಕ್ಸೆಲ್ಲಿನ ಒಂದು ರಾ ಫೈಲು ಸುಮಾರು 28 ಎಂಬಿ ಎಂದು ಹಿಡಿದರೆ, ದಿನಕ್ಕೆ ಇಪ್ಪತ್ತರಂತೆ ವರ್ಷಕ್ಕೆ ಸುಮಾರು 200 ಜಿಬಿ. ಎರಡು ಹಾರ್ಡ್‌ಡಿಸ್ಕ್ ಮನೆಯಲ್ಲಿ, ಮೂರನೆಯದು ಊರಲ್ಲಿ ಇರಲಿ. ಒಂದೇ ಮನೆಯಲ್ಲಿ ಮೂರೂ ಇದ್ದರೆ ನೀರು ನುಗ್ಗಿದಾಗ ಮೂರೂ ಹೋಗುತ್ತವೆ. ಗಣೇಶ ಚೌತಿಗೋ ಮೇ ರಜೆಗೋ ಊರಿಗೆ ಹೋದಾಗ ಹೊಸದನ್ನು ತುಂಬಿಸಿ, ಹಳೆಯ ನಾಲ್ಕಾರು ಫೋಲ್ಡರ್ ತೆರೆದು ನೋಡಿ ಬನ್ನಿ.