ಸಾಲೋಮಾಲೋ ಆಗಬ್ಯಾಡ

ಚಿಕ್ಕೋಡಿಯ ನಮ್ಮ ಹೈಸ್ಕೂಲಿನಲ್ಲಿ ಶನಿವಾರದ ಕೊನೆಯ ತಾಸು ಸಂಗೀತ. ಮಾಸ್ತರರು ಹಾರ್ಮೋನಿಯಂ ಮುಚ್ಚುವ ಮುಂಚೆ ವಿಷ್ಣುಪಂತ ಪಾಗ್ನೀಸರ ಹೆಸರು ಒಮ್ಮೆ ಬಂದೇ ಬರುತ್ತಿತ್ತು. "ಇಲ್ಲೇ, ನಮ್ಮ ಚಿಕ್ಕೋಡ್ಯಾಗ ಹುಟ್ಟಿದವ್ರು. ನನ್ಹಂಗ ಸಂಗೀತದ ಮಾಸ್ತರ್ ಆಗಿದ್ರು. ತಿಳೀತೇನ್ರೋ?" ಎನ್ನುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ನಮಗೋ ಆ ಹೆಸರು ಸುಮ್ನೆ ಒಂದು ಹೆಸರು, ಅಷ್ಟೇ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಆಷಾಢ ಏಕಾದಶಿಯ ಹಿಂದಿನ ಸಂಜೆ ಮಾಸ್ತರರು ಬೆಳಗಾವಿಯಿಂದ ಪ್ರೊಜೆಕ್ಟರ್ ಬಾಡಿಗೆಗೆ ತರಿಸಿದರು. ಹೊರಗೆ ಜಿಟಿಜಿಟಿ ಮಳೆ. ಪ್ರಾರ್ಥನೆಯ ಹಾಲಿನ ಗೋಡೆಗೆ ಬಿಳಿ ಧೋತರ ಕಟ್ಟಿ 'ಸಂತ ತುಕಾರಾಮ' ತೋರಿಸಿದರು. ದಾಮಲೆ, ಫತ್ತೇಲಾಲ್ ಸೇರಿ ನಿರ್ದೇಶಿಸಿದ 1936ರ ಪ್ರಭಾತ್ ಕಂಪನಿಯ ಮರಾಠಿ ಚಿತ್ರ, ತುಕಾರಾಮನ ಪಾತ್ರ ಇದೇ ಪಾಗ್ನೀಸರದ್ದು. ಮುಂಬೈಯಲ್ಲಿ ವರ್ಷಕ್ಕೂ ಜಾಸ್ತಿ ಓಡಿತ್ತು, 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದಿತ್ತು.

ಶುರುವಿನಲ್ಲೇ ತುಕಾರಾಮ ಕಣ್ಣು ಮುಚ್ಚಿ ಕೂತು 'ಪಾಂಡುರಂಗ ಧ್ಯಾನೀ' ಎಂಬ ತನ್ನ ಅಭಂಗ, ಅಂದರೆ ಭಕ್ತಿಪದ, ಹಾಡುತ್ತಾನೆ. ಕೈ ಅಲ್ಲಾಡುವುದಿಲ್ಲ, ಕತ್ತು ಹೊರಳುವುದಿಲ್ಲ. ತುಟಿ ಮಾತ್ರ. ಹಿಂದೆಯೇ ಗುಡಿಯಲ್ಲಿ ಸಾಲೋಮಾಲೋ ಎಂಬ ಹೊಟ್ಟೆಕಿಚ್ಚಿನ ಪುರೋಹಿತ ಅದೇ ಅಭಂಗವನ್ನು ತನ್ನದೆಂದು ಹಾಡುತ್ತಾನೆ. ಕೈ ಬೀಸುತ್ತಾನೆ, ಉದ್ದಕ್ಕೆ ತಾನ ಎಳೆಯುತ್ತಾನೆ, ಜನ ನೋಡುತ್ತಿದ್ದಾರೋ ಇಲ್ಲವೋ ಎಂದು ಕಣ್ಣು ಹಾಯಿಸುತ್ತಾನೆ. ಹಾಡು ಒಂದೇ, ಅಲ್ವಾ? ಆದರೂ ಕಳ್ಳ ಯಾರೆಂದು ಹಾಲಿನಲ್ಲಿದ್ದ ಸಣ್ಣ ಹುಡುಗರಿಗೂ ಗೊತ್ತಾಯಿತು. ಮರಾಠಿ ಬಾರದವರಿಗೂ.

ಪಾಗ್ನೀಸರು ಮೊದಲು ನಾಟಕದಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದವರು. ಆ ನಯ ನಾಜೂಕು ಮೈಗೆ ಅಂಟಿತ್ತು. ಸಂತನ ಪಾತ್ರಕ್ಕೆ ಇವರು ಒಗ್ಗುತ್ತಾರೋ ಇಲ್ಲವೋ ಎಂದು ಫತ್ತೇಲಾಲರೇ ಅನುಮಾನಪಟ್ಟಿದ್ದರಂತೆ. ನನಗೆ ಅನ್ನಿಸುವುದು, ಆ ಮೆತ್ತಗಿನ ನಡಿಗೆಯೇ ತುಕಾರಾಮನನ್ನು ಮಾಡಿತು. ಗಂಡಸುತನ ಮೆರೆಸುವ ನಟ ಬಂದಿದ್ದರೆ ನಟಿ ಗೌರಿ ಮಾಡಿದ ಆ ಸಿಡುಕಿನ ಹೆಂಡತಿಯ ಎದುರು ಅಷ್ಟು ತಣ್ಣಗೆ ನಿಲ್ಲಲು ಆಗುತ್ತಿತ್ತೇ?

ಇನ್ನೊಂದು ಸಂಗತಿ ಮಾಸ್ತರರು ಬಹಳ ಖುಷಿಯಿಂದ ಹೇಳುತ್ತಿದ್ದರು. ಚಿತ್ರದ 'ಆಧೀ ಬೀಜ ಏಕಲೇ' ತುಕಾರಾಮರದ್ದಲ್ಲ, ಶಾಂತಾರಾಮ ಆಠವಲೆ ಬರೆದದ್ದು, ರಾಗ ಹಾಕಿದ್ದು ಕೇಶವರಾವ್ ಭೋಳೆ. ಅದನ್ನು ತುಕಾರಾಮರ ಅಭಂಗವೆಂದೇ ನಂಬಿದವರು ಎಷ್ಟೋ ಜನ.

ಆಮೇಲೆ ಪಾಗ್ನೀಸರಿಗೆ ಸಿಕ್ಕಿದ್ದೆಲ್ಲ ಸಂತರ, ಭಕ್ತರ ಪಾತ್ರಗಳೇ. 1939ರಲ್ಲಿ ತುಳಸೀದಾಸ, 1940ರಲ್ಲಿ ನರಸೀ ಭಗತ್. 1943ರಲ್ಲಿ ತೀರಿಕೊಂಡರು. ತುಕಾರಾಮನಾದ ಮೇಲೆ ಬರೀ ಏಳು ವರ್ಷ. ಇನ್ನಷ್ಟು ಕಾಲ ಇದ್ದಿದ್ದರೆ ಎಂದು ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ಮರುವಾರ ಮಾಸ್ತರರು ನನ್ನನ್ನು ಎಬ್ಬಿಸಿ ಅದೇ 'ಪಾಂಡುರಂಗ ಧ್ಯಾನೀ' ಹಾಡಿಸಿದರು. ದನಿ ಏರಿದ ಹಾಗೆ ನನ್ನ ಬಲಗೈಯೂ ಏರಿತು. ಅವರು ಎದ್ದು ಬಂದು ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿದರು. "ಸಾಲೋಮಾಲೋ ಆಗಬ್ಯಾಡ, ತಮ್ಮಾ. ಕಣ್ಣ ಮುಚ್ಚು."

ಬೆರಳಿಗೆ ಹಾರ್ಮೋನಿಯಂ ಎಣ್ಣೆಯ ವಾಸನೆ ಇತ್ತು. ನಾನು ಕಣ್ಣು ಮುಚ್ಚಿದೆ, ಮೊದಲಿನಿಂದ ಹಾಡಿದೆ.