ಅವರದ್ದು ಎಲ್ಲಿ ಬರೆದಿದ್ದೀರಿ?

"ಅವರದ್ದು ಎಲ್ಲಿ ಬರೆದಿದ್ದೀರಿ ಅಕ್ಕಾ?"

ಮಂಗಳವಾರದಿಂದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ. ಕೇಳಿದವಳು ನಾನು ಕೆಲಸ ಮಾಡುವ ಲೈಂಗಿಕ ಕಾಯಿಲೆಗಳ ಕ್ಲಿನಿಕ್ಕಿಗೆ ಬಂದ ಐದು ತಿಂಗಳ ಬಸುರಿ. ಗುರುತು ಸಿಗದ ಹಾಗೆ ಒಂದೆರಡು ವಿಷಯ ಬದಲಿಸಿದ್ದೇನೆ.

ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆಯಲ್ಲಿ ಅವಳಿಗೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಅಂತ ಬಂದಿತ್ತು. ಲ್ಯಾಬಿನ ಬಿಳಿ ಕಾರ್ಡನ್ನು ನಾನೂ ಇಣುಕಿ ನೋಡಿದ್ದೆ. ವೃತ್ತದೊಳಗೆ ಕರಿಪುಡಿ ಕಾಳು ಕಾಳಾಗಿ ಗುಂಪುಗೂಡಿತ್ತು. ರೋಗ ಇಲ್ಲದಿದ್ದರೆ ಅದು ನಯವಾಗಿ ಹರಡಿಕೊಳ್ಳುತ್ತದೆ. ಎರಡನೇ ಪರೀಕ್ಷೆಯೂ ಹೌದೆಂದಿತು. ಪೆನಿಸಿಲಿನ್ ಇಂಜೆಕ್ಷನ್ ಸಮಯಕ್ಕೆ ಕೊಟ್ಟರೆ ತಾಯಿಗೂ ಗುಣ, ಮಗುವಿಗೂ ರಕ್ಷೆ ಅಂದೆ. ಅವಳ ಮುಖ ಸ್ವಲ್ಪ ಸಡಿಲವಾಯಿತು.

ಆಮೇಲೆ ರಿಜಿಸ್ಟರ್ ನೋಡಿ "ಇದರಲ್ಲಿ ನನ್ನ ಹೆಸರು ಉಂಟಾ?" ಅಂದಳು. ಮೇಲಕ್ಕೆ ಹೋಗುವುದು ಲೆಕ್ಕ ಮಾತ್ರ ಅಂದೆ. ತಿಂಗಳಿಗೆ ಎಷ್ಟು ಗಂಡಸರು, ಎಷ್ಟು ಹೆಂಗಸರು, ಯಾವ ಕಾಯಿಲೆ. ಅದನ್ನು ಕೂಡಿಸಿಯೇ ರೋಗ ಏರಿತೋ ಇಳಿಯಿತೋ ಅಂತ ನೋಡುವುದು.

ಆಗ ಬಂತು ಆ ಪ್ರಶ್ನೆ.

ಅವರು ಅಂದರೆ ಅವಳ ಗಂಡ. ಬಂದೇ ಇಲ್ಲ. ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ ಯಾರಿಗೋ ತೋರಿಸಿ, ಮುಲಾಮು ಹಚ್ಚಿ, "ನಂಗೆ ಗುಣ ಆಗಿದೆ" ಅಂದರಂತೆ. ಸಿಫಿಲಿಸಿನ ಮೊದಲ ಹುಣ್ಣಿಗೆ ಸಾಮಾನ್ಯವಾಗಿ ನೋವಿಲ್ಲ. ಏನೂ ಮಾಡದಿದ್ದರೂ 3ರಿಂದ 6 ವಾರದಲ್ಲಿ ತಾನೇ ಮಾಯುತ್ತದೆ, ರೋಗ ಒಳಗೇ ಇರುತ್ತದೆ. ಹೆಸರು ಮುಲಾಮಿಗೆ.

ಹೊರಗೆ ಬೆಂಚಿನಲ್ಲಿ ಅತ್ತೆ "ಇವಳ ರಕ್ತದಲ್ಲಿ ಏನೋ ದೋಷವಂತೆ" ಅಂತ ಪಕ್ಕದವರಿಗೆ ಹೇಳುತ್ತಿದ್ದರು. ಮಗನ ಸುದ್ದಿಯೇ ಇಲ್ಲ. ಕೆಟ್ಟ ಹೆಂಗಸಲ್ಲ. ಸೊಸೆಗೆ ಬಿಸಿನೀರಿನ ಬಾಟ್ಲಿ ಹಿಡಿದುಕೊಂಡು ಕೂತವರೂ ಅವರೇ. ಆದರೂ ನನಗೆ ಸಿಟ್ಟು ಬಂತು.

ಬಸುರಿಯರು ಹೇಗೂ ಪರೀಕ್ಷೆಗೆ ಸಿಗುತ್ತಾರೆ. ಗಂಡಸರು ತಾವಾಗಿ ಬಂದರೆ ಉಂಟು. ಮೆಡಿಕಲ್ ಶಾಪಿನ ಮಾತ್ರೆಗೆ ಕಾಲಂ ಇಲ್ಲ. ಗಡಿಯಾಚೆ ತೋರಿಸಿಕೊಂಡವ ನಮ್ಮ ಲೆಕ್ಕಕ್ಕಿಲ್ಲ, ಅಲ್ಲಿ ಖಾಸಗಿ ಡಾಕ್ಟರ ಹತ್ತಿರ ಹೋದರೆ ಹೆಚ್ಚಾಗಿ ಆ ಲೆಕ್ಕಕ್ಕೂ ಇಲ್ಲ. ಇಲ್ಲಿ ಕೇರಳದಲ್ಲಿ ಈ ಕ್ಲಿನಿಕ್ಕಿಗೆ 'ಪುಲರಿ' ಅಂತಾರೆ, ಮಲಯಾಳದಲ್ಲಿ ಮುಂಜಾವು. ಆಚೆ ಕರ್ನಾಟಕದಲ್ಲಿ 'ಸುರಕ್ಷಾ'. ಎರಡೂ ಚಂದದ ಹೆಸರೇ. ಇವೆರಡರ ನಡುವೆ ಬಸ್ಸು ಹತ್ತಿ ಇಳಿಯುವ ಗಂಡಸರು ಎಷ್ಟೋ. ಪಟ್ಟಿ ಮಾತ್ರ ನೋಡಿದರೆ ಇದು ಹೆಂಗಸರ ಕಾಯಿಲೆ ಅಂತಲೇ ಕಾಣಬೇಕು, ಅಲ್ವಾ? ಗಂಡಸರ ಸಂಖ್ಯೆ ಕಮ್ಮಿ ಬಂದ ತಿಂಗಳು, ಪರವಾಗಿಲ್ಲ, ಇಳಿದಿದೆ ಅಂತ ನಾನೇ ಸಮಾಧಾನಪಟ್ಟದ್ದುಂಟು.

ಅವಳ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. "ಅವರನ್ನೂ ಕರ್ಕೊಂಡು ಬಾ ಮಾರಾಯ್ತಿ. ಇಲ್ಲದಿದ್ರೆ ನಿಂಗೆ ಪುನಃ ಬರಬಹುದು" ಅಂದೆ.

"ಹೇಳಿ ನೋಡ್ತೇನೆ" ಅಂದಳು. ಸೆರಗು ಸರಿಮಾಡಿಕೊಂಡು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನ ತಳಕ್ಕೆ ತುರುಕಿದಳು.

ನಿನ್ನೆ ತಿಂಗಳ ವರದಿ ತುಂಬಿಸಿದೆ. ಸಂಗಾತಿಗೆ ತಿಳಿಸಲಾಗಿದೆ: 1. ಸಂಗಾತಿಗೆ ಚಿಕಿತ್ಸೆ ಆಗಿದೆ: 0. ಕಳಿಸಿದೆ.